ಡೊಂಬಿವಲಿಯ ಮೂಗುಗಳು

ಡೊಂಬಿವಲಿಯ ಮೂಗುಗಳು ಕೈಕೊಟ್ಟಿವೆ ಎಂದು ನನಗೆ ಗೊತ್ತಾದದ್ದು ಒಂದು ಸೋಮವಾರ ಮಧ್ಯಾಹ್ನ, ರಬಾಳೆಯ ನಮ್ಮ ಪ್ರಯೋಗಾಲಯದಲ್ಲಿ. ಆ ಕೋಣೆಗೆ ಕಿಟಕಿ ಇಲ್ಲ. ಎರಡು ಬಾಗಿಲು ದಾಟಿ ಒಳಗೆ ಹೋಗಬೇಕು. ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಒಳಗೆ ಹೋದ ಮೇಲೆ ಹೊರಗೆ ಮಳೆಯೋ ಬಿಸಿಲೋ ತಿಳಿಯುವುದಿಲ್ಲ. ಮೈತುಂಬ ನಿಲುವಂಗಿ, ಕೈಗೆ ಎರಡು ಜೋಡಿ ಗ್ಲೌಸ್, ಮುಖಕ್ಕೆ ಬಿಗಿಯಾದ ಮಾಸ್ಕ್. ದಿನವಿಡೀ ಬೇರೆಯವರ ಸಿಂಬಳ ಅಳೆಯುವವಳಿಗೆ ತನ್ನ ಮೂಗು ತುರಿಸಿದರೆ ತುರಿಸಿಕೊಳ್ಳುವ ಅಧಿಕಾರವಿಲ್ಲ.

ಆಗ ಮೂಗಿಗೆ ಸ್ಪ್ರೇ ಮಾಡುವ ಒಂದು ಲಸಿಕೆಯ ಪರೀಕ್ಷೆ ನಡೆದಿತ್ತು. ತೋಳಿಗೆ ಚುಚ್ಚುವ ಲಸಿಕೆ ರಕ್ತದಲ್ಲಿ ಪ್ರತಿಕಾಯಗಳನ್ನು ಬೆಳೆಸುತ್ತದೆ. ಆದರೆ ಉಸಿರಾಟದ ರೋಗಾಣು ಒಳಗೆ ಬರುವುದು ಮೂಗಿನಿಂದ. ಮೂಗಿನ ಒಳಗೋಡೆಯ ಲೋಳೆಪೊರೆಗೆ ತನ್ನದೇ ಆದ ಕಾವಲಿದೆ. ಅಲ್ಲಿಯೇ ಹುಟ್ಟಿ ಸಿಂಬಳದೊಂದಿಗೆ ಹೊರಗೆ ಬರುವ ಪ್ರತಿಕಾಯಕ್ಕೆ ಐಜಿಎ ಎನ್ನುತ್ತೇವೆ. ತೋಳಿಗೆ ಚುಚ್ಚಿದರೆ ಈ ಕಾವಲು ಅಷ್ಟಾಗಿ ಏಳುವುದಿಲ್ಲ. ಮೂಗಿಗೇ ಕೊಟ್ಟರೆ ಎದ್ದೀತು ಎಂಬುದು ಆಸೆ. ಸೊಸೈಟಿಯ ಪ್ರತಿ ಫ್ಲ್ಯಾಟಿಗೂ ಬೀಗ ಜಡಿಯುವ ಬದಲು ಗೇಟಿನಲ್ಲೇ ವಾಚ್‌ಮನ್‌ನನ್ನು ಕೂರಿಸುವ ಉಪಾಯ ಇದು ಎಂದು ಮನೆಯಲ್ಲಿ ವಿವರಿಸಿದ್ದೆ. ನಮ್ಮ ವಾಚ್‌ಮನ್ ಯಾವಾಗ ನೋಡಿದರೂ ಮಲಗಿರುತ್ತಾನಲ್ಲ ಎಂದು ನನ್ನ ಗಂಡ ನಕ್ಕರು. ಆ ಮಾತೂ ಸುಳ್ಳಲ್ಲ. ಮೂಗಿನ ಕಾವಲನ್ನು ಎಬ್ಬಿಸುವುದು ನಿಜಕ್ಕೂ ಕಷ್ಟ.

ಸ್ವಯಂಸೇವಕರಿಗೆ ಲಸಿಕೆ ಕೊಡುತ್ತಿದ್ದ ಕೇಂದ್ರಗಳು ಎರಡು. ಒಂದು ಬೇಲಾಪುರದಲ್ಲಿ, ಇನ್ನೊಂದು ಡೊಂಬಿವಲಿಯ ಒಂದು ಸಣ್ಣ ಆಸ್ಪತ್ರೆಯ ಮೇಲಂತಸ್ತಿನಲ್ಲಿ. ಎರಡೂ ಕಡೆ ಅರ್ಧ ಜನಕ್ಕೆ ನಿಜವಾದ ಲಸಿಕೆ, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ನಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಸ್ಪ್ರೇ ಮಾಡುವ ಮುಂಚೆ ಒಮ್ಮೆ, ಆಮೇಲೆ ಹಲವು ಬಾರಿ, ಹೊಳ್ಳೆಯೊಳಗೆ ಸ್ಪಂಜಿನ ಸಣ್ಣ ಪಟ್ಟಿ ಇಟ್ಟು ದ್ರವ ಹೀರಿಸಿ ನಳಿಗೆಗೆ ಹಾಕಿ ಐಸ್ ಡಬ್ಬಿಯಲ್ಲಿ ನಮಗೆ ಕಳಿಸುತ್ತಿದ್ದರು. ನಾವು ಅದನ್ನು ತಂಪಿನ ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಿಳಿಯಾದದ್ದನ್ನು ತೆಗೆದು, ಲಸಿಕೆಯ ಪ್ರೋಟೀನ್ ಲೇಪಿಸಿದ ತಟ್ಟೆಯ ಗುಳಿಗಳಿಗೆ ಹಾಕುತ್ತೇವೆ. ಅದಕ್ಕೆಂದೇ ಹುಟ್ಟಿದ ಐಜಿಎ ಇದ್ದರೆ ಗುಳಿ ಹಳದಿಯಾಗುತ್ತದೆ. ಹಳದಿ ಎಂದರೆ ಮೂಗು ಪಾಠ ಕಲಿತಿದೆ, ಬಿಳಿ ಎಂದರೆ ಕಲಿತಿಲ್ಲ. ಈ ವಿಧಾನವನ್ನು ಸ್ಪಂಜಿನ ಆಯ್ಕೆಯಿಂದ ಹಿಡಿದು ಕಟ್ಟಿ ನಿಲ್ಲಿಸಿದವಳು ನಾನು. ಹೆತ್ತ ಮಗುವಿನ ಮೇಲಿರುವಷ್ಟೇ ಮಮತೆ ಇತ್ತು, ಜಂಬವೂ ಇತ್ತು.

ಆ ಸೋಮವಾರ ಬೇಲಾಪುರದ ಗುಳಿಗಳು ಅಲ್ಲೊಂದು ಇಲ್ಲೊಂದು ಚೆನ್ನಾಗಿ ಹಳದಿಯಾದವು. ಡೊಂಬಿವಲಿಯ ಸಾಲುಗಳು ಸಾಲುಸಾಲೇ ನೀರಿನ ಹಾಗೆ ಬೆಳ್ಳಗೆ ಉಳಿದವು. ಅರ್ಧ ಜನಕ್ಕಾದರೂ ಲಸಿಕೆ ಬಿದ್ದಿರಬೇಕು. ಒಬ್ಬರ ಮೂಗೂ ಕಲಿಯಲಿಲ್ಲ ಎಂದರೆ ಹೇಗೆ?

ಇಂಥ ಹೊತ್ತಿನಲ್ಲಿ ಮೊದಲು ಬೈದುಕೊಳ್ಳಬೇಕಾದದ್ದು ನಮ್ಮನ್ನೇ. ಬಣ್ಣ ಬರಿಸುವ ದ್ರಾವಣ ಬದಲಾಯಿಸಿದೆ. ಹೊಸ ತಟ್ಟೆ ಲೇಪಿಸಿದೆ. ಸ್ಪಂಜಿನ ಹಳೆಯ ಕಟ್ಟು, ಹೊಸ ಕಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಡೊಂಬಿವಲಿಯ ನಳಿಗೆಗಳಿಗೆ ಗೊತ್ತಿರುವ ಪ್ರಮಾಣದ ಐಜಿಎ ನಾನೇ ಬೆರೆಸಿ, ಅದು ಮರಳಿ ಸಿಗುತ್ತದೆಯೇ ಎಂದು ಪರೀಕ್ಷಿಸಿದೆ, ಸಿಕ್ಕಿತು. ಮೂಗಿನಲ್ಲಿ ಸಾಮಾನ್ಯವಾಗಿ ಇರುವ ಒಟ್ಟು ಐಜಿಎ ಎಷ್ಟಿದೆ ಎಂದು ಅಳೆದೆ, ಅದೂ ಸರಿಯಾಗಿತ್ತು. ಅಂದರೆ ನಳಿಗೆಯಲ್ಲಿದ್ದದ್ದು ನಿಜವಾದ ಮೂಗಿನ ದ್ರವವೇ, ಯಾರೋ ನಲ್ಲಿ ನೀರು ತುಂಬಿ ಕಳಿಸಿದ್ದಲ್ಲ. ಮೂಗುಗಳು ಆರೋಗ್ಯವಾಗಿದ್ದವು. ಆದರೆ ಲಸಿಕೆಯ ಪರಿಚಯವೇ ಆಗದ ಮೂಗುಗಳು.

ನಮ್ಮ ಮುಖ್ಯಸ್ಥರು ಮೈಸೂರಿನವರು, ಮಾತು ಮೃದು. ಕೆಟ್ಟವರಲ್ಲ. ಆದರೆ ಲಸಿಕೆ ತಯಾರಿಸಿದ ಕಂಪನಿಯವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಅವರ ಪ್ರಾಣ ಹಿಂಡುತ್ತಿದ್ದರು. ನನ್ನ ಲೆಕ್ಕವನ್ನೆಲ್ಲ ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮ ಕಡೆ ತಪ್ಪಿಲ್ಲ ಅಂತಾಯ್ತಲ್ಲ ಮೇಡಂ. ಇನ್ನೇನು? ಲಸಿಕೆ ಫ್ರಿಜ್ಜಿನಲ್ಲಿ ಕೆಟ್ಟಿದೆ, ಇಲ್ಲ ಸರಿಯಾಗಿ ಕೊಟ್ಟಿಲ್ಲ. ಎರಡೂ ಅಲ್ಲಿ ಲಸಿಕೆ ಕೊಡೋ ಆ ನರ್ಸಿನ ಕೈಯಲ್ಲೇ ಆಗಿರೋದು.”

“ಫ್ರಿಜ್ಜಿನ ಟೆಂಪರೇಚರ್ ದಾಖಲೆ ಸರಿ ಇದೆಯಲ್ಲ ಸರ್.”

“ದಾಖಲೆಯ ಯಂತ್ರ ಒಂದು ಫ್ರಿಜ್ಜಿನಲ್ಲಿಟ್ಟು ಲಸಿಕೆ ಇನ್ನೊಂದರಲ್ಲಿ ಇಡೋಕೆ ಎಷ್ಟು ಹೊತ್ತು ಬೇಕು? ಡೊಂಬಿವಲಿಯಲ್ಲಿ ಕರೆಂಟ್ ಹೋಗಲ್ವಾ? ನೀವೇ ಅಲ್ಲಿರೋರು.”

ಮುಂದಿನ ಸೋಮವಾರ ಕಂಪನಿಯವರ ಜೊತೆ ಸಭೆ. ಅಷ್ಟರೊಳಗೆ ನಾನು ಪರೀಕ್ಷಾ ವಿಧಾನ ನಿರ್ದೋಷವಾಗಿದೆ, ದೋಷವೇನಿದ್ದರೂ ಡೊಂಬಿವಲಿ ಕೇಂದ್ರದ್ದು ಎಂದು ಬರೆದುಕೊಡಬೇಕು. ಆ ನರ್ಸನ್ನು ಕೆಲಸದಿಂದ ತೆಗೆದು, ಇನ್ನು ಯಾವ ಪರೀಕ್ಷೆಯಲ್ಲೂ ಸೇರಿಸದ ಹಾಗೆ ಅವಳ ಹೆಸರಿನ ಮುಂದೆ ಒಂದು ಮಾತು ಬರೆಯುತ್ತಾರೆ. ಈ ಕ್ಷೇತ್ರ ಚಿಕ್ಕದು. ಅಂಥ ಮಾತು ಒಮ್ಮೆ ಅಂಟಿದರೆ ಹೋಗುವುದಿಲ್ಲ.

ಆ ನರ್ಸನ್ನು ನಾನು ವಾರವಾರ ನೋಡುತ್ತಿದ್ದೆ. ಐಸ್ ಡಬ್ಬಿಯ ಜೊತೆ ವ್ಯಾನಿನಲ್ಲಿ ಅವಳೇ ರಬಾಳೆಗೆ ಬರುತ್ತಿದ್ದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಮನೆಯವರು ಕಲಬುರಗಿ ಕಡೆಯವರು, ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಹಿಂದಿಯಲ್ಲಿ ಮುಗಿಸುತ್ತಿದ್ದಳು. ನಾನು ಸಹಿ ಹಾಕುವವರೆಗೆ ಡಬ್ಬಿಯ ಹಿಡಿಕೆಯಿಂದ ಕೈ ತೆಗೆಯುತ್ತಿರಲಿಲ್ಲ. “ಮ್ಯಾಡಂ, ಐಸ್ ನೋಡ್ಕೋರಿ, ಫಿರ್ ಬಾದ್ ಮೇ ಕರಗಿತ್ತು ಅನಬ್ಯಾಡ್ರಿ” ಎನ್ನುವಳು. ಅವಳು ಲಸಿಕೆ ಕೆಡಿಸುವವಳೆಂದು ನನಗೆ ಅನ್ನಿಸಲಿಲ್ಲ. ಆದರೆ ನನಗೆ ಅನ್ನಿಸುವುದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ.

ಮೂಗು ಕಲಿಯದಿದ್ದರೆ ಕಲಿಯದಿರಲು ಏನೋ ಕಾರಣವಿರಬೇಕು ಎಂದುಕೊಂಡು ಮತ್ತೆ ನಳಿಗೆಗಳ ಮುಂದೆ ಕೂತೆ. ತಿರುಗಿಸಿದ ನಂತರ ಕೆಲವು ನಳಿಗೆಗಳಲ್ಲಿ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟುವುದನ್ನು ಮುಂಚೆಯೂ ಕಂಡಿದ್ದೆ. ಸಿಂಬಳದಲ್ಲಿ ಏನೇನೋ ಇರುತ್ತದೆ. ಪೊರೆ ಬಂದರೆ ಸರಿಸಿ ಕೆಳಗಿನ ತಿಳಿಯನ್ನು ತೆಗೆದುಕೊಳ್ಳುವುದು ಎಂದು ನಮ್ಮ ವಿಧಾನದಲ್ಲೇ ಇತ್ತು. ಈ ಸಲ ಸರಿಸಲಿಲ್ಲ. ಯಾವ ನಳಿಗೆಯಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಬೇರೆ ಬೇರೆ ಇಟ್ಟೆ. ಬೇಲಾಪುರದ ನಳಿಗೆಗಳಲ್ಲಿ ಪೊರೆ ಕಾಣಲಿಲ್ಲ. ಡೊಂಬಿವಲಿಯ ಬಹುಪಾಲು ನಳಿಗೆಗಳಲ್ಲಿ ಇತ್ತು. ಸ್ಪ್ರೇ ಕೊಟ್ಟ ದಿನ ಬೆಳಿಗ್ಗೆ, ಕೊಡುವ ಮುಂಚೆಯೇ ತೆಗೆದ ಮೊದಲ ಮಾದರಿಗಳನ್ನು ಫ್ರೀಜರಿನಿಂದ ಹೊರತೆಗೆದೆ. ಅವುಗಳಲ್ಲೂ ಇತ್ತು.

ಒಂದು ನಳಿಗೆಯನ್ನು ಕೈಯಲ್ಲಿ ಹಿಡಿದೆ. ಎರಡು ಗ್ಲೌಸು ದಾಟಿ ಬಂದ ಕೈಯ ಶಾಖಕ್ಕೇ ಪೊರೆ ಕರಗಿ ಮಾಯವಾಯಿತು. ಐಸಿನಲ್ಲಿಟ್ಟರೆ ಮತ್ತೆ ಬೆಳ್ಳಗೆ ಕೂತಿತು. ಧಾರವಾಡದಲ್ಲಿ ಚಳಿಗಾಲದ ಬೆಳಿಗ್ಗೆ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಗಟ್ಟಿಯಾಗಿ, ಅವ್ವ ಅದನ್ನು ಬಿಸಿಲಿಗೆ ಇಡುತ್ತಿದ್ದದ್ದು ನೆನಪಾಯಿತು. ಪೊರೆಯ ಒಂದು ಹನಿಯನ್ನು ಸೋಸುಕಾಗದದ ಮೇಲೆ ಹಾಕಿ ಒಣಗಲು ಬಿಟ್ಟೆ. ನೀರು ಆರಿದ ಮೇಲೂ ಬೆಳಕು ತೂರುವಂಥ ಕಲೆ ಉಳಿಯಿತು. ಜಿಡ್ಡು. ಯಾರದೋ ಮೂಗಿನಲ್ಲಿ ಎಣ್ಣೆ.

ಗಾಜಿನ ಪಟ್ಟಿಯ ಮೇಲೆ ಕ್ಯಾಂಟೀನಿನಿಂದ ತಂದ ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಬಣ್ಣದ ನೀರನ್ನು ನಮ್ಮ ಲಸಿಕೆಯಂಥದೇ ಸ್ಪ್ರೇ ಬಾಟಲಿಯಿಂದ ಸಿಂಪಡಿಸಿದೆ. ನೀರು ಮಣಿಮಣಿಯಾಗಿ ನಿಂತು, ಪಟ್ಟಿ ಸ್ವಲ್ಪ ವಾಲಿಸಿದ ಕೂಡಲೇ ಜಾರಿ ಬಿತ್ತು. ಮೂಗು ಗಾಜಲ್ಲ, ನಿಜ. ಆದರೂ ನನ್ನ ಎದೆ ಹಗುರಾಯಿತು. ಕುಣಿಯುತ್ತ ಮುಖ್ಯಸ್ಥರ ಕೋಣೆಗೆ ಹೋದೆ.

ಅವರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಚೆನ್ನಾಗಿದೆ ಮೇಡಂ. ಆದ್ರೆ ಎಣ್ಣೆ ಎಲ್ಲಿಂದ ಬಂತು? ಮೂಗಿಗೆ ಏನಾದ್ರೂ ಔಷಧಿ ಹಾಕಿದ್ದೀರಾ ಅಂತ ಪ್ರತಿಯೊಬ್ಬರನ್ನೂ ಕೇಳಿದ್ದಾರೆ. ಎಲ್ಲರೂ ಇಲ್ಲ ಅಂದಿದ್ದಾರೆ. ಆ ಹುಡುಗಿ ಕೈಗೆ ಕ್ರೀಮ್ ಹಚ್ಚಿಕೊಂಡು ಸ್ಪಂಜ್ ಮುಟ್ಟಿರಬೇಕು. ಅದೂ ಅವಳದ್ದೇ ತಪ್ಪಾಗತ್ತೆ.”

“ಯಾವ ಎಣ್ಣೆ ಅಂತ ಹೊರಗೆ ಕಳಿಸಿ ತಿಳ್ಕೋಬಹುದು ಸರ್.”

“ಫಲಿತಾಂಶ ಬರೋದ್ರೊಳಗೆ ಡೊಂಬಿವಲಿ ಕೇಂದ್ರಾನೇ ಇರಲ್ಲ. ಸೋಮವಾರಕ್ಕೆ ವರದಿ ಕೊಡಿ.”

ಅವಳನ್ನು ಬಿಡಿಸಲು ನಾನು ಹುಡುಕಿ ತಂದ ಸಾಕ್ಷಿಯೇ ಅವಳ ಕುತ್ತಿಗೆಗೆ ಇನ್ನೊಂದು ಸುತ್ತು ಹಗ್ಗವಾಯಿತು. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯದೆ ಗ್ಲೌಸಿನ ಡಬ್ಬಿಯ ಮೇಲೆ ತೀರಿಸಿಕೊಂಡೆ.

ಭಾನುವಾರ ಮಧ್ಯಾಹ್ನ ಕಾರ್ಖಾನೆಗಳ ಕಡೆಯಿಂದ ವಾಸನೆ ಬಂತು. ಡೊಂಬಿವಲಿಯಲ್ಲಿ ಎಂಐಡಿಸಿ ಎಂಬ ಕಾರ್ಖಾನೆ ಬಡಾವಣೆಯ ಹತ್ತಿರ ಇರುವವರಿಗೆ ಇದನ್ನು ವರ್ಣಿಸಬೇಕಿಲ್ಲ. ಗಂಟಲಿಗೆ ಮೊದಲು ತಿಳಿಯುತ್ತದೆ, ಆಮೇಲೆ ಮೂಗಿಗೆ. ನಮ್ಮ ಕಟ್ಟಡದ ಕಿಟಕಿಗಳು ಒಂದರ ಹಿಂದೊಂದು ದಡದಡನೆ ಮುಚ್ಚಿಕೊಂಡವು. ಫ್ಯಾನ್ ಹಾಕಿದರೆ ಒಳಗಿದ್ದ ವಾಸನೆಯೇ ತಿರುಗುತ್ತದೆ, ಹಾಕದಿದ್ದರೆ ಸೆಕೆ. ಬಾಗಿಲ ಸಂದಿಗೆ ಒದ್ದೆ ಟವಲ್ ತುರುಕಿ, ಬರೆಯಲೇಬೇಕಾದ ವರದಿಯ ಮುಂದೆ ನಾನು ಕೂತಿದ್ದೆ.

ಎದುರು ಫ್ಲ್ಯಾಟಿನ ಅಕ್ಕ ಬಾಗಿಲು ಬಡಿದರು. ಉಡುಪಿ ಕಡೆಯವರು, ಗಂಡ ಮೊದಲು ಹೋಟೆಲ್ ನಡೆಸುತ್ತಿದ್ದರು, ಈಗ ಅಕ್ಕನೇ ನಮ್ಮ ಸೊಸೈಟಿಯ ಮಹಿಳಾ ಮಂಡಳಿಯನ್ನು ನಡೆಸುತ್ತಾರೆ. ನನ್ನ ಕುಕ್ಕರಿನ ರಬ್ಬರ್ ಕೊಂಡೊಯ್ದದ್ದನ್ನು ಮರಳಿಸಲು ಬಂದಿದ್ದರು. ಅಂಥ ವಾಸನೆಯಲ್ಲೂ ಆರಾಮಾಗಿ ನಿಂತಿದ್ದರು. ಹೊಳ್ಳೆಗಳ ಅಂಚು ಮಿರಿಮಿರಿ ಮಿಂಚುತ್ತಿತ್ತು.

“ಎಂತ ಮಾರಾಯ್ರೆ, ಕಣ್ಣಲ್ಲಿ ನೀರು ಬರ್ತಾ ಉಂಟಲ್ಲ ನಿಮ್ಗೆ? ಮೂಗಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು ಮೇಲೆ ಎಳ್ಕೊಳ್ಳಿ. ಈ ಕಂಪೆನಿ ವಾಸನೆ ಒಳಗೆ ಹೋಗುದೇ ಇಲ್ಲ. ನಾನು ದಿನಾ ಬೆಳಿಗ್ಗೆ ಹಾಕುದು.”

ನಾನು ಅವರ ಮೂಗನ್ನೇ ನೋಡುತ್ತ ನಿಂತೆ.

“ದಿನಾ ಹಾಕ್ತೀರೇನ ಅಕ್ಕಾರ? ಎಲ್ಲಾರೂ ಹಾಕ್ತಾರ?”

“ನಮ್ಮ ಮಂಡಳಿಯಲ್ಲಿ ಎಲ್ರೂ ಹಾಕ್ತಾರೆ, ನಾನೇ ಅಭ್ಯಾಸ ಮಾಡಿಸಿದ್ದು. ಮೊನ್ನೆ ಆ ಮೂಗಿನ ಲಸಿಕೆ ಕೊಡುವಲ್ಲಿಗೆ ಹೋದಾಗಲೂ...” ಎಂದವರು ನಾಲಿಗೆ ಕಚ್ಚಿಕೊಂಡು, ಒಳಗೆ ಯಾರಿದ್ದಾರೆ ಎಂದು ಇಣುಕಿದರು. “ನಮ್ಮವರಿಗೆ ಹೇಳ್ಬೇಡಿ ಆಯ್ತಾ. ಬೈತಾರೆ. ನಾನು ಮತ್ತೆ ಮಂಡಳಿಯವರು ಸುಮಾರು ಜನ ಹೆಸರು ಕೊಟ್ಟಿದ್ದೇವೆ. ಸೂಜಿ ಇಲ್ಲ ಅಲ್ವಾ, ಬರೀ ಪುಸ್ ಅಂತ. ಉರಿಯಬಹುದು ಅಂತ ಹೇಳಿದ್ರು, ಅದಕ್ಕೆ ನಾನು ಎಣ್ಣೆ ಕುಪ್ಪಿ ತಕೊಂಡೇ ಹೋಗಿದ್ದೆ. ಕೆಳಗೆ ಕಾಯುವಲ್ಲಿ ಎಲ್ರಿಗೂ ಎರಡೆರಡು ಹನಿ ಕೊಟ್ಟೆ. ಗುರ್ತ ಇಲ್ಲದವ್ರೂ ಕೈ ಒಡ್ಡಿದ್ರು, ಪಾಪ. ಪ್ರತಿ ಸಲವೂ ತಕೊಂಡು ಹೋಗ್ತೇನೆ.”

ಅರಿಶಿನ ಕುಂಕುಮ ಹಂಚುವ ಹಾಗೆ ಇವರು ಲಸಿಕೆ ಕೇಂದ್ರದ ಕೆಳಗೆ ಕೂತು ಎಣ್ಣೆ ಹಂಚಿದ್ದರು.

“ಅಕ್ಕಾರ, ಮೂಗಿಗೆ ಔಷಧ ಹಾಕೀರೇನು ಅಂತ ಅಲ್ಲಿ ಕೇಳ್ಲಿಲ್ಲೇನು?”

“ಕೇಳಿದ್ರಪ್ಪ, ಆ ನರ್ಸ್ ಹುಡುಗಿ ಒಬ್ಬೊಬ್ಬರನ್ನೂ ಕೇಳಿದ್ಳು. ಇಲ್ಲ ಅಂದೆವು. ಎಣ್ಣೆ ಎಂತ ಮದ್ದಾ? ತಲೆಗೆ ಹಾಕುದಿಲ್ವಾ, ಕಾಲಿಗೆ ಹಾಕುದಿಲ್ವಾ, ಹಾಗೇ ಮೂಗಿಗೂ.”

ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಪ್ರಶ್ನೆ ಬರೆದವರು ದೊಡ್ಡ ದೊಡ್ಡ ಊರುಗಳಲ್ಲಿ ಕೂತು ಬರೆದಿದ್ದರು. ಔಷಧ, ಡ್ರಾಪ್ಸ್, ಸ್ಪ್ರೇ ಎಂದು ಕೇಳಿದ್ದರೇ ಹೊರತು ಕೊಬ್ಬರಿ ಎಣ್ಣೆ ಅವರ ತಲೆಗೆ ಹೊಳೆದಿರಲಿಲ್ಲ.

ನಾನು ಆ ಲಸಿಕೆಯ ಕೆಲಸದಲ್ಲೇ ಇದ್ದೇನೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಎಲ್ಲೋ ರಕ್ತ ಪರೀಕ್ಷೆ ಮಾಡುತ್ತೇನೆ ಎಂದುಕೊಂಡಿದ್ದರು. ನನ್ನ ಮುಖ ಕಂಡು ಅವರಿಗೇ ಅನುಮಾನ ಬಂತು. “ಎಂತ ಆಯ್ತು? ನಾನು ಎಣ್ಣೆ ಹಾಕಿದ್ದಕ್ಕೆ ಏನಾದ್ರೂ ಹಾಳಾಯ್ತಾ? ನನ್ನ ಹೆಸ್ರು ಎಲ್ಲಿಯಾದ್ರೂ ಹೇಳಿದ್ರೆ ಮಂಡಳಿಯಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ ನನಗೆ” ಎಂದು ನನ್ನ ಕೈ ಹಿಡಿದುಕೊಂಡರು. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಬಾಗಿಲು ಮುಚ್ಚಿ ಟವಲನ್ನು ಮತ್ತೆ ಸಂದಿಗೆ ತುರುಕಿದಾಗ, ನಾನು ಹೊಕ್ಕಿರುವ ಜಾಗಕ್ಕೆ ಎಲ್ಲಿಯೂ ಬಾಗಿಲಿಲ್ಲ ಎಂದು ತಿಳಿಯಿತು. ಪ್ರಯೋಗಾಲಯದವರಿಗೆ ಸ್ವಯಂಸೇವಕರು ಯಾರೆಂದು ತಿಳಿದಿರಬಾರದು. ತಿಳಿದರೆ ಕೂಡಲೇ ಹೇಳಬೇಕು, ಹೇಳಿದವರು ಆ ಕೆಲಸದಿಂದ ಹೊರಗೆ. ಅಳೆಯುವವಳಿಗೆ ಅಳೆಸಿಕೊಳ್ಳುವವರ ಮೇಲೆ ಮರುಕ ಇರಬಾರದೆಂಬ ನಿಯಮ ಅದು, ಒಳ್ಳೆಯ ನಿಯಮವೇ. ಎಣ್ಣೆಯ ಸಂಗತಿ ಹೇಳಬೇಕಾದರೆ ಯಾರಿಂದ ಕೇಳಿದೆ ಎಂದು ಹೇಳಬೇಕು. ಹೇಳಿದರೆ ನಾನು ಕಟ್ಟಿದ ಕೆಲಸ ನನ್ನ ಕೈಬಿಡುತ್ತದೆ, ಅಕ್ಕನಿಗೆ ಕೊಟ್ಟ ಮಾತೂ ಕೆಡಬಹುದು. ಹೇಳದಿದ್ದರೆ ಲಸಿಕೆಯನ್ನು ಸರಿಯಾಗಿ ಕೊಟ್ಟ ಹುಡುಗಿ ಕೆಡಿಸಿದವಳೆಂದು ಮನೆಗೆ ಹೋಗುತ್ತಾಳೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ ಇಡೀ ಮಧ್ಯಾಹ್ನ ಕೂತೆ.

ಗಂಡನಿಗೆ ಹೆಸರಿಲ್ಲದೆ ವಿಷಯ ಹೇಳಿದೆ. ಅವರು ಬ್ಯಾಂಕಿನವರು, ನಿಯಮದ ಮನುಷ್ಯ.

“ನೀ ಏನೂ ಸುಳ್ಳು ಬರಿಯೂದಿಲ್ಲಲ್ಲ? ವಿಧಾನ ಸರಿ ಅದ ಅಂತ ಬರಿ. ಅಷ್ಟ ನಿನ್ನ ಕೆಲಸ. ಉಳಿದದ್ದು ಅವರ ಹಣೆಬರಹ.”

“ನಾ ಬರಿಯೂದು ಖರೇನ ಇರ್ತದರೀ. ಅದನ್ನ ಹಿಡಕೊಂಡು ಅವರು ಮಾಡೂದು ಸುಳ್ಳಾಗ್ತದ.”

ಅವರು ಪೇಪರಿನ ಹಿಂದೆ ಸರಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದಕ್ಕೆ ಒಪ್ಪಿಗೆ ಎಂದೂ ಅರ್ಥ, ಬೇಸರ ಎಂದೂ ಅರ್ಥ.

ಸೋಮವಾರ ಸಭೆ ನಡೆದದ್ದು ನಮ್ಮ ಮೇಲಂತಸ್ತಿನ ಕೋಣೆಯಲ್ಲಿ. ಗೋಡೆಯ ಪರದೆಯ ಮೇಲೆ ಕಂಪನಿಯವರ ಮುಖಗಳು. ಮೇಜಿನ ತುದಿಯ ಕುರ್ಚಿಯಲ್ಲಿ ಆ ನರ್ಸ್, ಇಸ್ತ್ರಿ ಮಾಡಿದ ಕುರ್ತಾದಲ್ಲಿ, ಕೈ ಮಡಿಲಲ್ಲಿಟ್ಟು ಕೂತಿದ್ದಳು. ಫ್ರಿಜ್ಜಿನ ಬಗ್ಗೆ ಕೇಳಿದರು. ಎಲ್ಲ ಸರಿ ಇತ್ತು ಎಂದಳು. ಸ್ಪ್ರೇ ಹೇಗೆ ಮಾಡಿದೆ ಎಂದು ಕೇಳಿದರು. ಎದ್ದು ನಿಂತು ತಲೆ ಎಷ್ಟು ಬಾಗಿಸಬೇಕು, ಬಾಟಲಿಯ ತುದಿ ಯಾವ ಕಡೆ ತಿರುಗಿರಬೇಕು ಎಂದು ಖಾಲಿ ಕೈಯಲ್ಲೇ ತೋರಿಸಿದಳು. ಕೈಗೆ ಕ್ರೀಮ್ ಹಚ್ಚುತ್ತೀಯಾ ಎಂದು ಕೇಳಿದರು. ಇಲ್ಲ ಎಂದಳು. ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ಮುಖ್ಯಸ್ಥರು ನನ್ನ ಕಡೆ ತಿರುಗಿ, “ಮೇಡಂ, ವರದಿ?” ಎಂದರು.

ವರದಿಯ ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟು ಹೇಳಿದೆ.

“ವರದಿ ಕೊಡೋ ಮುಂಚೆ ಒಂದು ಮಾತು. ನಿನ್ನೆಯಿಂದ ಡೊಂಬಿವಲಿಯ ಒಬ್ಬ ಸ್ವಯಂಸೇವಕರು ಯಾರು ಅಂತ ನನಗೆ ಗೊತ್ತಾಗಿದೆ. ಹಾಗಾಗಿ ನಾನು ಇವತ್ತಿನಿಂದ ಈ ಮಾದರಿಗಳನ್ನ ಮುಟ್ಟೋ ಹಾಗಿಲ್ಲ. ಅವರು ಲಸಿಕೆಗೆ ಮುಂಚೆ ಮೂಗಿಗೆ ಕೊಬ್ಬರಿ ಎಣ್ಣೆ ಹಾಕಿದ್ದಾರೆ. ಅಲ್ಲಿದ್ದ ಹೆಚ್ಚಿನವರೂ ಹಾಕಿದ್ದಾರೆ. ನಳಿಗೆಯಲ್ಲಿರೋದು ಅದೇ ಇರಬೇಕು.”

ಪರದೆಯ ಮೇಲಿದ್ದ ಒಬ್ಬರು ಹೆಸರು ಕೇಳಿದರು.

“ಹೆಸರು ಹೇಳಲ್ಲ. ಬೇಕಾಗಿಯೂ ಇಲ್ಲ. ಎಲ್ಲರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ. ಔಷಧಿ ಅನ್ನಬೇಡಿ. ಮೂಗಿಗೆ ಎಣ್ಣೆ ಬಿಟ್ಟುಕೊಂಡು ಬಂದಿದ್ರಾ ಅಂತ ಕೇಳಿ.”

ಮುಖ್ಯಸ್ಥರು ನನ್ನ ಕಡೆ ಬಾಗಿದರು. “ಇದನ್ನ ನನಗೊಬ್ಬನಿಗೇ ಹೇಳಬಹುದಿತ್ತಲ್ಲ” ಎಂದು ಮೆಲ್ಲಗೆ ಅಂದರು. ಹೇಳಬಹುದಿತ್ತು. ಹೇಳಿದ್ದರೆ ಅದು ಅವರ ಕೋಣೆಯಲ್ಲೇ ಉಳಿಯುತ್ತಿತ್ತು ಎಂಬ ಹೆದರಿಕೆ ನನಗಿತ್ತು. ನರ್ಸ್ ತಲೆ ಎತ್ತಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದು ಮೊದಲ ಬಾಗಿಲಿಗೆ ಕಾರ್ಡ್ ಮುಟ್ಟಿಸಿದೆ. ಕೆಂಪು ದೀಪ. ಮತ್ತೆ ಮುಟ್ಟಿಸಿದೆ, ಮತ್ತೆ ಕೆಂಪು. ಒಳಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಹೊರಗೆ ಬಂದರೆ ಸಾಕು ಎಂದು ಎಷ್ಟೋ ಸಲ ಅಂದುಕೊಂಡವಳಿಗೆ ಈಗ ಎರಡು ಬಾಗಿಲುಗಳ ಗಾಜಿನ ಆಚೆ ಬೇರೆಯವರು ನನ್ನ ತಟ್ಟೆಗಳನ್ನು ಹಿಡಿದಿರುವುದು ಕಂಡು ಅಳು ಬಂತು. ಅತ್ತೆ. ಶೌಚಾಲಯದಲ್ಲಿ ನಲ್ಲಿ ಬಿಟ್ಟು ಚೆನ್ನಾಗಿಯೇ ಅತ್ತೆ. ಆಮೇಲೆ ಕೆಳಗಿನ ಅಂತಸ್ತಿನಲ್ಲಿ ಕುಡಿಯುವ ನೀರಿನ ಪರೀಕ್ಷೆಯ ಮೇಜಿನ ಮುಂದೆ ನನ್ನನ್ನು ಕೂರಿಸಿದರು. ನೀರಿಗೆ ಮೂಗಿಲ್ಲ, ನೆರೆಹೊರೆಯಿಲ್ಲ.

ಫೋನ್ ಮಾಡಿ ಕೇಳಿದ್ದರ ಫಲ ನನ್ನ ಕಿವಿಗೆ ಬಿದ್ದದ್ದು ಕ್ಯಾಂಟೀನಿನಲ್ಲಿ. ಎಣ್ಣೆ ಎಂದು ಕೇಳಿದ ಕೂಡಲೇ ಬಹುತೇಕ ಎಲ್ಲರೂ ಹೌದು ಎಂದರಂತೆ. ಕೆಲವರು ಯಾವ ಎಣ್ಣೆ ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟರಂತೆ. ಎಣ್ಣೆಯಿಂದಲೇ ಮೂಗು ಕಲಿಯಲಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ. ಅದನ್ನು ಸಾಬೀತು ಮಾಡಲು ಬೇರೆಯದೇ ಪರೀಕ್ಷೆ ಬೇಕು. ಆದರೆ ನಿಯಮದ ಪ್ರಕಾರ ಆ ಮೂಗುಗಳನ್ನು ಲೆಕ್ಕದಿಂದ ಬದಿಗಿಟ್ಟರು. ನರ್ಸಿನ ಮೇಲಿನ ಆರೋಪ ಬಿಟ್ಟರು. ಪ್ರಶ್ನೆಗೆ ಎಣ್ಣೆ, ತುಪ್ಪ, ಬೆಣ್ಣೆ ಎಂದು ಸೇರಿಸಿ ಹೊಸದಾಗಿ ಬರೆದರು. ಎದುರು ಮನೆಯ ಅಕ್ಕನಿಗೂ ಫೋನ್ ಬಂದಿರಬೇಕು. ಅವರು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಂಡರೆ ನಗುತ್ತಾರೆ, ಆದರೆ ಬಾಗಿಲಲ್ಲಿ ನಿಂತು ಮಾತಾಡುವುದು ಕಡಿಮೆಯಾಗಿದೆ.

ಕೆಲವು ವಾರಗಳ ನಂತರ ಒಂದು ಸಂಜೆ ಠಾಣೆಯಲ್ಲಿ ಗಾಡಿ ಬದಲಾಯಿಸಿ ಕಲ್ಯಾಣದ ಸ್ಲೋ ಲೋಕಲ್ ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನವರು ನೂಕಿದರು, ಮುಂದಿನವರು ತಡೆದರು. ಎಲ್ಲರೂ ಒತ್ತಿ ನಿಂತ ಮೇಲೆ ನೋಡಿದರೆ ನನ್ನ ಎದುರಿಗೇ, ಉಸಿರು ತಾಗುವಷ್ಟು ಹತ್ತಿರ, ಆ ನರ್ಸ್. ಡೊಂಬಿವಲಿಯ ಕೇಂದ್ರ ಬಿಟ್ಟು ಠಾಣೆಯ ಯಾವುದೋ ಆಸ್ಪತ್ರೆಗೆ ಸೇರಿದ್ದಾಳೆ ಎಂದು ಹಿಂದಿನ ದಿನವಷ್ಟೇ ಕೇಳಿದ್ದೆ.

“ಏನವಾ, ಕೆಲಸ ಬಿಟ್ಟಿಯಂತಲ್ಲ? ಯಾಕ?”

“ಬಿಟ್ಟೆ ರೀ ಮ್ಯಾಡಂ.”

“ನಿನ್ನ ಮ್ಯಾಲೆ ಇದ್ದದ್ದೆಲ್ಲಾ ತಗದ ಹಾಕ್ಯಾರಲ್ಲ. ಸಾಹೇಬ್ರ ಖುದ್ದ ಹೇಳ್ಯಾರ, ಆ ಹುಡುಗಿ ಮ್ಯಾಲೆ ಭರೋಸಾ ಅದ ಅಂತ.”

ಗಾಡಿ ಕಳವಾ ದಾಟಿತು. ಅವಳು ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದಳು. ಸಿಟ್ಟಿರಲಿಲ್ಲ.

“ನನ್ನ ಮ್ಯಾಲ ಬಂದಿಲ್ರಿ ಭರೋಸಾ. ಎಣ್ಣಿ ಮ್ಯಾಲ ಬಂದದ. ನಾ ಅಂತೂ ಪಹಿಲೇ ಸೆ ಹೇಳ್ಲಾಕತ್ತಿದ್ದೆ, ಔಷಧ ಬರೋಬರ್ ಹೊಡದೀನಿ ಅಂತ. ಎಣ್ಣಿ ಸಿಗಲಿಲ್ಲಂದ್ರ ನಾ ಸುಳ್ಳ ಹೇಳ್ದಾಕಿನೇ ಆಗಿ ಉಳೀತಿದ್ದೆ.”

“ಹಂಗಲ್ಲವಾ. ನಾ ನಿನ್ನ ಸಂಬಂಧನ ಅಷ್ಟೆಲ್ಲಾ ನೋಡಿದ್ದು.”

“ಗೊತ್ತದ ಮ್ಯಾಡಂ. ನೀವು ನಳಿಗಿ ನೋಡಿದ್ರಿ, ಎಣ್ಣಿ ನೋಡಿದ್ರಿ. ನಿಮ್ಮ ಕೆಲಸಾನೂ ಹೋಯ್ತು ಅಂತ ಕೇಳೀನಿ, ಬಹುತ್ ಬುರಾ ಲಗಾ. ಆದ್ರ ವಾರವಾರ ಡಬ್ಬಿ ತಗೊಂಡು ನಿಮ್ಮ ಮುಂದ ನಿಂದರ್ತಿದ್ದೆನಲ್ಲಾ, ಏನಾಗ್ಯಾದ ಅಂತ ನನ್ನೊಮ್ಮೆ ಕೇಳಬೇಕಿತ್ರಿ.”

ಮುಖ ತಿರುಗಿಸೋಣವೆಂದರೆ ಜಾಗವಿರಲಿಲ್ಲ. ಎಡಗಡೆ ಒಬ್ಬರ ಮೊಣಕೈ, ಬಲಗಡೆ ಒಬ್ಬರ ಚೀಲ. ಮುಂಬ್ರಾ ಬಂತು, ದಿವಾ ಬಂತು, ಕೋಪರ್ ಬಂತು. ಅಷ್ಟು ಹೊತ್ತೂ ನಾವಿಬ್ಬರೂ ಮುಖಕ್ಕೆ ಮುಖ ಕೊಟ್ಟು, ಒಬ್ಬರ ಉಸಿರನ್ನು ಒಬ್ಬರು ತೆಗೆದುಕೊಳ್ಳುತ್ತ ನಿಂತಿದ್ದೆವು. ಡೊಂಬಿವಲಿಯಲ್ಲಿ ಇಳಿಯುವವರು ನನ್ನನ್ನೂ ಎಳೆದುಕೊಂಡು ಇಳಿದರು. ತಿರುಗಿ ನೋಡುವಷ್ಟರಲ್ಲಿ ಹತ್ತುವವರು ಬಾಗಿಲು ತುಂಬಿದ್ದರು, ಅವಳು ಕಾಣಲಿಲ್ಲ.